ಬಳ್ಳಾರಿಗೆ ಬಂದ ಹೊಸದರಲ್ಲಿ

ಬಳ್ಳಾರಿ ತನ್ನ ಸೊಗಸನ್ನೆಲ್ಲ ಬೆಳಗಿಗೂ ಸಂಜೆಗೂ ಹಂಚಿಟ್ಟಿರುವ ಊರು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನಡುಹಗಲಿನ ಬೀದಿಗಳು ಬರಿದಾಗುತ್ತವೆ. ಆ ಹೊತ್ತಿನಲ್ಲಿ ಬಂದಿಳಿದವರು ‘ಇದೆಂಥ ಊರಪ್ಪಾ’ ಎಂದುಕೊಂಡರೆ ತಪ್ಪೇನಿಲ್ಲ. ಆದರೆ ಅವರು ಮರುದಿನ ಬೆಳಿಗ್ಗೆ ಬೇಗ ಎದ್ದು ಹೊರಗೆ ಬರಬೇಕು.

ಅಷ್ಟೊತ್ತಿಗಾಗಲೇ ತಳ್ಳುಬಂಡಿಗಳ ಮುಂದೆ ಜನ ನಿಂತಿರುತ್ತಾರೆ. ಮಂಡಕ್ಕಿಯನ್ನು ನೀರಿಗೆ ಹಾಕಿ, ನೆನೆಯುತ್ತಿದ್ದಂತೆ ಹಿಂಡಿ ತೆಗೆದು, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ ಬಿದ್ದ ಬಾಣಲೆಗೆ ಸುರಿದು ಕೈಯಾಡಿಸುತ್ತಾರೆ. ಮೇಲೆ ಒಂದಿಷ್ಟು ಪುಟಾಣಿ ಪುಡಿ. ಪಕ್ಕದ ಎಣ್ಣೆಯಲ್ಲಿ ಉದ್ದನೆಯ ಮಿರ್ಚಿಗಳು ಉಬ್ಬುತ್ತಿರುತ್ತವೆ. “ಒಂದು ಒಗ್ಗರಣಿ, ಎರಡು ಮಿರ್ಚಿ” ಎಂದು ಹೇಳಲು ಕಲಿತರೆ ಸಾಕು, ಊರಿನ ಅರ್ಧ ಪರಿಚಯ ಆದಂತೆ. ತಿನ್ನುತ್ತ ನಿಂತವರಲ್ಲಿ ವಕೀಲರೂ ಇರುತ್ತಾರೆ, ಆಟೋದವರೂ ಇರುತ್ತಾರೆ, ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವ ಹುಡುಗರೂ ಇರುತ್ತಾರೆ. ಈ ಊರಿನ ಜೀನ್ಸ್ ದೇಶದ ಎಲ್ಲೆಲ್ಲಿಗೋ ಹೋಗುತ್ತದೆ. ಅದನ್ನು ಹೊಲಿದ ಕೈಗಳನ್ನು ಒಗ್ಗರಣೆ ಬಂಡಿಯ ಮುಂದೆ ನೋಡುವುದು ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ನಮ್ಮ ಮನೆ ಓನರ್ ಅಮ್ಮ ನಮ್ಮೊಂದಿಗೆ ಕನ್ನಡದಲ್ಲಿ ಮಾತಾಡುತ್ತಾರೆ. ಫೋನಿನಲ್ಲಿ ಆದೋನಿಯ ತವರುಮನೆಯವರು ಸಿಕ್ಕರೆ ತೆಲುಗು, ಬಾಗಿಲಿಗೆ ತರಕಾರಿ ಬಂಡಿ ಬಂದರೆ ಉರ್ದು. “ಕುಂದರ್ರಿ, ಚಾ ಕುಡುದು ಹೋಗ್ರಿ” ಎಂದು ನನಗೆ ಹೇಳುತ್ತಲೇ ಫೋನಿನ ಕಡೆಗೆ ತಿರುಗಿ ತೆಲುಗಿನ ಮಾತು ಮುಂದುವರಿಸುತ್ತಾರೆ. ಈ ಭಾಷೆಗಳ ಬೆರಕೆಗೆ ಇತಿಹಾಸವಿದೆ. ಹಿಂದೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಕನ್ನಡನಾಡಿಗಾಗಿ ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟದ್ದೂ ಇದೇ ಊರಿನಲ್ಲಿ. ಗಡಿ ಗಟ್ಟಿಯಾಯಿತು, ಬೀಗತನ ಮಾತ್ರ ಗಡಿಯಾಚೆಗೂ ಉಳಿಯಿತು. ಎರಡು ಭಾಷೆಯ ಮನೆಗಳು ಮೂರನೆಯವರಿಗೆ ಜಾಗ ಬಿಡುವುದನ್ನು ಕಲಿತಿರುತ್ತವೆ ಎಂಬುದು ನನ್ನ ನಂಬಿಕೆ. ನನ್ನ ಕನ್ನಡದ ಧಾಟಿ ಬೇರೆ, ಅದನ್ನು ಇಲ್ಲಿ ಯಾರೂ ಆಡಿಕೊಳ್ಳಲಿಲ್ಲ.

ವಕೀಲಿಕೆ ಮಾಡುತ್ತಲೇ ರಂಗಕ್ಕೆ ಬಾಳು ತೆತ್ತ ಬಳ್ಳಾರಿ ರಾಘವರೂ (1880–1946) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದವರು. ಅವರ ಹೆಸರಿನ ರಾಘವ ಕಲಾಮಂದಿರದಲ್ಲಿ ಈಗಲೂ ಕನ್ನಡ, ತೆಲುಗು ಎರಡೂ ಭಾಷೆಯ ನಾಟಕಗಳಾಗುತ್ತವೆ. ಬಿಸಿಲಿಳಿದ ಮೇಲೆ ಅಲ್ಲಿಗೆ ಹೋಗಿ ಕೂತರೆ, ಭಾಷೆ ಪೂರ್ತಿ ತಿಳಿಯದಿದ್ದರೂ ಪಕ್ಕದವರು ಮೆಲ್ಲಗೆ ಕಥೆ ಹೇಳಿಬಿಡುತ್ತಾರೆ.

ಊರಿನ ಯಾವ ಮೂಲೆಯಿಂದ ನೋಡಿದರೂ ಬಂಡೆಬೆಟ್ಟಗಳು ಕಾಣುತ್ತವೆ. ಒಂದು ಕೋಟೆ ಹೊತ್ತ ಬಳ್ಳಾರಿ ಗುಡ್ಡ, ಇನ್ನೊಂದು ಕುಂಬಾರ ಗುಡ್ಡ. ಹೈದರಾಲಿಗೆ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನಿಗೆ ಕುಂಬಾರ ಗುಡ್ಡ ಇನ್ನೂ ಎತ್ತರವೆಂಬುದು ಹೊಳೆಯದೇ ಹೋಯಿತಂತೆ, ಅದಕ್ಕೇ ಅವನನ್ನು ಗಲ್ಲಿಗೇರಿಸಿದರಂತೆ. ಊರಲ್ಲಿ ಈ ಕಥೆ ಹೇಳದವರಿಲ್ಲ. ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ತಟ್ಟಿದರೆ ಗಂಟೆಯ ಹಾಗೆ ನುಡಿಯುವ ಕರಿಗಲ್ಲುಗಳಿವೆ, ನವಶಿಲಾಯುಗದವರು ಗೀರಿದ ದನಗಳ ಚಿತ್ರಗಳಿವೆ. ಸಾವಿರಾರು ವರ್ಷಗಳ ಹಿಂದೆ ಜನ ಬಂದು ನೆಲೆಸಿದ ಜಾಗವೊಂದು ಮನೆಗೆ ಇಷ್ಟು ಹತ್ತಿರವಿದೆ ಎಂಬ ತಿಳಿವಿಗೆ ನಾನಿನ್ನೂ ಪೂರ್ತಿ ಒಗ್ಗಿಲ್ಲ.

ಬಳ್ಳಾರಿಯ ಬಂಡೆ ನೋಡಿದವರು ಒಮ್ಮೆ ಸಿರುಗುಪ್ಪದ ಬಸ್ಸು ಹತ್ತಲೇಬೇಕು. ಒಣ ಎರೆಭೂಮಿ ಹಿಂದೆ ಸರಿದು, ಕಾಲುವೆಯ ನೀರು ಕಂಡು, ಆಮೇಲೆ ಕಣ್ಣು ಹಾಯುವಷ್ಟೂ ಭತ್ತ. ಗದ್ದೆಯಲ್ಲಿ ಸಾಲಾಗಿ ಬಗ್ಗಿದ ಹೆಂಗಸರು, ಬದುವಿನ ಮೇಲೆ ಸಸಿಯ ಕಟ್ಟುಗಳು, ಬೆಳ್ಳಕ್ಕಿಗಳು. ಊರು ಹತ್ತಿರವಾದಂತೆ ಅಕ್ಕಿ ಗಿರಣಿಗಳ ತೌಡಿನ ವಾಸನೆ. ಇಲ್ಲಿನ ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ತುಂಗಭದ್ರಾ ಅಣೆಕಟ್ಟಿನ ನೀರು ಬಂದದ್ದು ಎಷ್ಟೋ ಆಮೇಲೆ. ಇದೇ ತಾಲ್ಲೂಕಿನ ನಿಟ್ಟೂರು, ಉದೇಗೊಳಗಳ ಶಾಸನಗಳಲ್ಲಿ ಅಶೋಕನ ಹೆಸರೇ ಇದೆ. ಅವನ ಹೆಚ್ಚಿನ ಶಾಸನಗಳಲ್ಲಿ ಬಿರುದುಗಳಷ್ಟೇ ಸಿಗುತ್ತವೆ. ಹೆಸರು ಹೇಳುವ ಬಂಡೆಗಳು ಬೆರಳೆಣಿಕೆಯವು, ಅವುಗಳಲ್ಲಿ ಎರಡು ಈ ಭತ್ತದ ಸೀಮೆಯಲ್ಲಿವೆ. ಗೆಳೆಯರು ಬಂದಾಗ ಹಂಪಿಗಷ್ಟೇ ಕರೆದೊಯ್ಯುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಕುರುಗೋಡಿನ ಬಣ್ಣವೇ ಬೇರೆ. ಬೇಸಿಗೆ ಶುರುವಾಗುವ ಹೊತ್ತಿಗೆ ಸುತ್ತಲಿನ ಕಣಗಳಲ್ಲಿ ಕೆಂಪು ಮೆಣಸಿನಕಾಯಿ ಹರಡಿರುತ್ತದೆ, ಬಸ್ಸಿನಲ್ಲಿ ಕೂತವರಿಗೂ ಅದರ ಘಾಟು ತಟ್ಟುತ್ತದೆ. ಸಿಂದರು ಆಳಿದ ಊರಿದು. ಬೆಟ್ಟದ ಬುಡದಲ್ಲಿ ಹಳೆಯ ಗುಡಿಗಳು ಚೆದುರಿಕೊಂಡಿವೆ. ದೊಡ್ಡಬಸವೇಶ್ವರನ ಎದುರು ನಿಂತರೆ ಒಂದೇ ಕಲ್ಲಿನ ಆ ನಂದಿಯ ಮುಖ ನೋಡಲು ಕತ್ತು ಎತ್ತಬೇಕು. ಇಲ್ಲಿ ಬಸವನೇ ದೇವರು, ಗರ್ಭಗುಡಿ ತುಂಬಿ ಅವನೇ ಕೂತಿದ್ದಾನೆ. ಹೋಳಿ ಹುಣ್ಣಿಮೆಯ ಸುಮಾರಿಗೆ ತೇರು. ಅದಕ್ಕೆ ನಮ್ಮನ್ನು ಕರೆದೊಯ್ದವರು ಓನರ್ ಅಮ್ಮನೇ. ತೇರಿಗೆ ಬಾಳೆಹಣ್ಣು ಎಸೆದು ಕೈಮುಗಿದಾದ ಮೇಲೆ ಅವರು ನನ್ನ ಹೆಂಡತಿಯನ್ನು ಮೆಣಸಿನಕಾಯಿ ರಾಶಿಯ ಹತ್ತಿರ ಕೂರಿಸಿಕೊಂಡು, ತೊಟ್ಟು ಮುರಿದು ತೋರಿಸಿದರು. “ಬ್ಯಾಡಗಿ ಬಣ್ಣಕ್ಕ, ಗುಂಟೂರು ಖಾರಕ್ಕ. ಎರಡೂ ಕೂಡಿಸಿ ಪುಡಿ ಮಾಡಸ್ಬೇಕಮ್ಮ, ವರ್ಷಾನಗಟ್ಲೆ ಬರ್ತೈತಿ.” ನಾವು ಎರಡೂ ಕೊಂಡೆವು. ಖಾರದಪುಡಿ ಗಿರಣಿ ನಮ್ಮ ಓಣಿಯ ಹಿಂದೆಯೇ ಇದೆಯೆಂದು ಗೊತ್ತಾದದ್ದು ಆವತ್ತೇ.