ಉಣುಗಿನ ಬೆನ್ನು ಹತ್ತಿದ ಬೋಷೆಲ್

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಮತ್ತವರ ತಂಡ ಓಡಿ ಬಂತು. ಕಾಡಿನಲ್ಲಿ ಮಂಗಗಳ ಸಾವು ಎಂದೊಡನೆ ಅವರಿಗೆ ನೆನಪಾದದ್ದು ದಕ್ಷಿಣ ಅಮೆರಿಕದ ಹಳದಿ ಜ್ವರ. ಆ ರೋಗ ಭಾರತಕ್ಕೆ ಕಾಲಿಟ್ಟಿದ್ದರೆ ಗತಿಯೇನು ಎಂಬ ಆತಂಕವಿತ್ತು. ಸಿಕ್ಕಿದ್ದು ಬೇರೆಯೇ ವೈರಸ್. ಅದನ್ನು ಹರಡುತ್ತಿದ್ದುದು ಸೊಳ್ಳೆಯಲ್ಲ, ಉಣುಗು.

ವೈರಸ್ ಕಂಡುಹಿಡಿದವರ ಹೆಸರು ಎಲ್ಲ ಕಡೆ ಸಿಗುತ್ತದೆ. ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲೆ ಬಂದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಷೆಲ್ ಅವರ ಕೆಲಸ. ತಮ್ಮ ದೇಶದಲ್ಲಿ ಹಳದಿ ಜ್ವರದ ಜಾಡು ಹಿಡಿದು ಕಾಡು ಸುತ್ತಿದ್ದವರು ಅವರು. ಅಲ್ಲಿ ಮರ ಕಡಿಯುವವರು ಮರವೊಂದನ್ನು ಉರುಳಿಸಿದಾಗ, ತುದಿಯಲ್ಲಿದ್ದ ನೀಲಿ ಸೊಳ್ಳೆಗಳು ಅದರೊಂದಿಗೇ ಕೆಳಗಿಳಿದು ಮುತ್ತಿದ್ದನ್ನು ಕಂಡಿದ್ದರು. ಮನುಷ್ಯ ಕಾಡಿನಲ್ಲಿ ಏನು ಮಾಡುತ್ತಾನೆ ಎಂಬುದನ್ನು ಬಿಟ್ಟು ರೋಗವನ್ನು ನೋಡಲಾಗದು ಎಂಬ ತಿಳಿವಳಿಕೆಯೊಂದಿಗೇ ಅವರು 1960ರ ದಶಕದಲ್ಲಿ ಮಲೆನಾಡಿಗೆ ಬಂದರು.

ಸಾಗರದಲ್ಲಿ ಪುಣೆ ಕೇಂದ್ರದ ಕ್ಷೇತ್ರ ಠಾಣೆಯಿತ್ತು. ಉಣುಗು ಹಿಡಿಯುವ ವಿಧಾನ ನೋಡಲು ಬಲು ಸರಳ: ಬಿಳಿ ಬಟ್ಟೆಯನ್ನು ತರಗೆಲೆಗಳ ಮೇಲೆ ಮೆಲ್ಲಗೆ ಎಳೆಯುತ್ತ ಹೋಗುವುದು, ಆಗಾಗ ನಿಂತು ಅಂಟಿದ್ದನ್ನು ಇಕ್ಕಳದಿಂದ ಹೆಕ್ಕಿ ಸೀಸೆಗೆ ಹಾಕುವುದು. ಬಿಳಿ ಬಟ್ಟೆಯ ಮೇಲೆ ಎಳ್ಳಿಗಿಂತ ಚಿಕ್ಕ ಚುಕ್ಕೆಯೊಂದು ಹರಿದಾಡಿದರೆ ಅದೇ ಮರಿ ಉಣುಗು. ಪಿ.ಕೆ. ರಾಜಗೋಪಾಲನ್ ಅವರಂಥ ಭಾರತೀಯ ಸಂಶೋಧಕರು ಬೋಷೆಲ್ ಜೊತೆ ಈ ಕೆಲಸದಲ್ಲಿದ್ದರು.

ಈ ಉಣುಗು ಜೀವಮಾನದಲ್ಲಿ ರಕ್ತ ಹೀರುವುದು ಮೂರೇ ಸಲ. ಮೊಟ್ಟೆಯೊಡೆದು ಬಂದಾಗ ಒಮ್ಮೆ, ಎಳೆಪ್ರಾಯದಲ್ಲಿ ಇನ್ನೊಮ್ಮೆ, ಬಲಿತ ಮೇಲೆ ಕೊನೆಯ ಸಲ. ಮನುಷ್ಯರಿಗೆ ರೋಗ ಅಂಟಿಸುವುದು ಹೆಚ್ಚಾಗಿ ಎಳೆಪ್ರಾಯದವು. ಅವು ಚುರುಕಾಗುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಸೊಪ್ಪು, ತರಗೆಲೆ, ಸೌದೆಗೆಂದು ಜನ ಕಾಡಿಗೆ ಹೋಗುವುದೂ ಆಗಲೇ. ಬಲಿತ ಉಣುಗಿಗೆ ದೊಡ್ಡ ಪ್ರಾಣಿ ಬೇಕು, ಮೇಯಲು ಬಿಟ್ಟ ದನ ಸಿಗುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉದುರಿ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ದನಕ್ಕೆ ಈ ವೈರಸ್ಸಿನಿಂದ ಕಾಯಿಲೆ ಬರುವುದಿಲ್ಲ, ಆದರೆ ಅದರ ರಕ್ತದಿಂದಲೇ ಉಣುಗಿನ ಸಂತತಿ ಬೆಳೆಯುತ್ತದೆ.

1969ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬೋಷೆಲ್ ಈ ಎಳೆಗಳನ್ನು ಕೂಡಿಸಿದರು. ಜನ ಹೆಚ್ಚಿದರು, ದನ ಹೆಚ್ಚಿದವು, ಕಾಡು ಕಡಿದು ಗದ್ದೆಯಾಯಿತು, ಉಳಿದ ಕಾಡಿನೊಳಗೆ ಮೇಯಿಸುವುದು ಹೆಚ್ಚಿತು. ಇಲಿ, ಉಣುಗುಗಳ ನಡುವೆ ಮೊದಲೇ ಸದ್ದಿಲ್ಲದೆ ಸುತ್ತುತ್ತಿದ್ದ ವೈರಸ್ ಹೀಗೆ ಮೇಲೆದ್ದು ಬಂತು ಎಂಬುದು ಅವರ ವಾದ. ಈ ಲೆಕ್ಕದಲ್ಲಿ ಮಂಗ ಅಪರಾಧಿಯಲ್ಲ, ನಮಗಿಂತ ಮೊದಲು ಸಾಯುವ ಪ್ರಾಣಿ. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಆ ಜಾಗದಲ್ಲೇ ಹೊಂಚು ಹಾಕುತ್ತವೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಯಿಲೆ ಬಿದ್ದವರು ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ್ದ ಅರಣ್ಯ ಕಾವಲುಗಾರರು.

1980ರ ದಶಕದಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ದೊಡ್ಡ ಪಿಡುಗು ಬಂತು. ಬೋಷೆಲ್ ಬರೆದು ಆಗಲೇ ಹತ್ತು ವರ್ಷ ದಾಟಿತ್ತು. 2019ರಲ್ಲಿ ಸಾಗರದ ಅರಲಗೋಡಿನಲ್ಲಿ ಮತ್ತೆ ಸಾವುಗಳಾದವು. ಕೇರಳ, ಗೋವಾ, ಮಹಾರಾಷ್ಟ್ರಗಳಿಗೂ ರೋಗ ದಾಟಿದೆ. ಹಳೆಯ ಲಸಿಕೆ ಎರಡು ಡೋಸಿನ ಮೇಲೂ ಸುಮಾರು ಶೇಕಡಾ 62ರಷ್ಟು ರಕ್ಷಣೆಯನ್ನಷ್ಟೇ ಕೊಡುತ್ತಿತ್ತು. ಈಗ ಅದೂ ನಿಂತಿದೆ, ಹೊಸದರ ತಯಾರಿ ನಡೆದಿದೆ.

ಅದು ಬೇಗ ಬರಲಿ. ಅಷ್ಟರವರೆಗೆ ಮೇಯಲು ಹೋಗುವ ದನಗಳಿಗೆ ಉಣುಗು ಓಡಿಸುವ ಔಷಧಿ, ಕಾಡಿಗೆ ಹೋಗುವವರ ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ನವೆಂಬರ್‌ನಲ್ಲೇ ಮನೆಮನೆಗೆ ತಲುಪಬೇಕು. ಮೊದಲ ಮಂಗ ಸತ್ತ ಸುದ್ದಿ ಬಂದ ಮೇಲೆ ಹಂಚಲು ಹೊರಟರೆ, ಆಗಲೇ ಯಾರೋ ಸೊಪ್ಪು ಹೊತ್ತು ಮನೆಗೆ ಬಂದಿರುತ್ತಾರೆ.