ಪ್ರೊಸೆಸರ್ ಸಿಮ್ಯುಲೇಟರ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಕೋಡ್‌ನ ಕರೆ ನಿಯಮ

ರೆಗ್ಯುಲರ್ ಎಕ್ಸ್‌ಪ್ರೆಶನ್ ಕೋಡ್‌ನ ಕರೆ ನಿಯಮ ಎಂದರೆ, ಪಠ್ಯದಲ್ಲಿ ಒಂದು ವಿನ್ಯಾಸವನ್ನು ಹುಡುಕಲು ತಂತ್ರಾಂಶವು ತಾನೇ ಸೃಷ್ಟಿಸಿದ ಯಂತ್ರಭಾಷೆಯ ಕೋಡ್‌ಗೆ ಮಾಹಿತಿಯನ್ನು ಒಪ್ಪಿಸುವ ಮತ್ತು ಅದರಿಂದ ಫಲಿತಾಂಶವನ್ನು ಪಡೆಯುವ ವಿಧಾನ. ಗೂಗಲ್‌ನ ವಿ8 ಜಾವಾಸ್ಕ್ರಿಪ್ಟ್ ಎಂಜಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಇರ್‌ರೆಜೆಕ್ಸ್ಪ್ ಎಂಬ ಭಾಗವನ್ನು 2009ರಲ್ಲಿ ಪರಿಚಯಿಸಲಾಯಿತು.

ಹಿನ್ನೆಲೆ

"ದಾಂಡೇಲಿ|ಹಳಿಯಾಳ|ಜೋಯಿಡಾ|ಮುಂಡಗೋಡ" ಎಂಬ ವಿನ್ಯಾಸವು ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಯಾವುದಾದರೊಂದರ ಹೆಸರನ್ನು ಹುಡುಕುತ್ತದೆ. ಕನ್ನಡ ಅಕ್ಷರಗಳು ಲ್ಯಾಟಿನ್-1 ಸಂಕೇತಮಾಲೆಯಲ್ಲಿ ಇಲ್ಲದಿರುವುದರಿಂದ ವಿ8 ಇಂತಹ ಪಠ್ಯವನ್ನು ಎರಡು ಬೈಟ್‌ಗಳ ಘಟಕಗಳಲ್ಲಿ ಇಡುತ್ತದೆ. "ದಾಂಡೇಲಿ" ಎಂಬ ಪದ 7 ಘಟಕಗಳನ್ನು, ಅಂದರೆ 14 ಬೈಟ್‌ಗಳನ್ನು ಬಳಸುತ್ತದೆ. ಒಂದು ಬೈಟ್ ಮತ್ತು ಎರಡು ಬೈಟ್‌ಗಳ ಪಠ್ಯಗಳಿಗೆ ಪ್ರತ್ಯೇಕ ಯಂತ್ರಕೋಡ್ ಸೃಷ್ಟಿಯಾಗುತ್ತದೆ.

ಆರ್ಗ್ಯುಮೆಂಟ್‌ಗಳು ಮತ್ತು ಫಲಿತಾಂಶ

ಹುಡುಕಬೇಕಾದ ಪಠ್ಯ, ಹುಡುಕಾಟ ಆರಂಭವಾಗುವ ಸ್ಥಾನ, ಪಠ್ಯದ ಮೊದಲ ಮತ್ತು ಕೊನೆಯ ವಿಳಾಸಗಳು, ಫಲಿತಾಂಶವನ್ನು ಬರೆಯುವ ಸ್ಥಳ ಮುಂತಾದವುಗಳನ್ನು ಈ ಕೋಡ್‌ಗೆ ಕೊಡಲಾಗುತ್ತದೆ. ಅದು ಹಿಂದಿರುಗಿಸುವ ಸಂಖ್ಯೆಗಳಲ್ಲಿ 1 ಯಶಸ್ಸನ್ನು, 0 ವಿಫಲತೆಯನ್ನು, -1 ದೋಷವನ್ನು ಸೂಚಿಸುತ್ತದೆ. ನಡುವೆ ಪಠ್ಯದ ರೂಪ ಬದಲಾಗಿ ಹುಡುಕಾಟವನ್ನು ಮೊದಲಿನಿಂದ ಮಾಡಬೇಕಾದರೆ -2 ಬರುತ್ತದೆ.

ಆರ್ಗ್ಯುಮೆಂಟ್‌ಗಳನ್ನು ಇಡುವ ಸ್ಥಳ ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಬೇರೆಯಾಗುತ್ತದೆ. ಒಂಬತ್ತು ಆರ್ಗ್ಯುಮೆಂಟ್‌ಗಳಿದ್ದರೆ 32-ಬಿಟ್ ಆರ್ಮ್‌ನಲ್ಲಿ ಮೊದಲ ನಾಲ್ಕು ಆರ್0ರಿಂದ ಆರ್3ರವರೆಗಿನ ರಿಜಿಸ್ಟರ್‌ಗಳಲ್ಲಿಯೂ ಉಳಿದ ಐದು ಸ್ಟ್ಯಾಕ್‌ನಲ್ಲಿಯೂ ಇರುತ್ತವೆ. 64-ಬಿಟ್ ಆರ್ಮ್‌ನಲ್ಲಿ ಎಂಟು, ಲಿನಕ್ಸ್‌ನ ಎಕ್ಸ್86-64 ಪದ್ಧತಿಯಲ್ಲಿ ಆರು ಆರ್ಗ್ಯುಮೆಂಟ್‌ಗಳು ರಿಜಿಸ್ಟರ್‌ಗಳಲ್ಲಿ ಸಾಗುತ್ತವೆ.

ಸಿಮ್ಯುಲೇಟರ್‌ನ ಪಾತ್ರ

ಆರ್ಮ್ ಸಾಧನ ಕೈಯಲ್ಲಿ ಇಲ್ಲದಿದ್ದರೂ ಅದರ ಕೋಡ್ ಅನ್ನು ಸಾಮಾನ್ಯ ಗಣಕದಲ್ಲಿ ಪರೀಕ್ಷಿಸಲು ಸಿಮ್ಯುಲೇಟರ್ ನೆರವಾಗುತ್ತದೆ. ಎಂಜಿನ್‌ನ ಸಿ++ ಭಾಗವು ಎಕ್ಸ್86-64 ನಿಯಮವನ್ನು ಪಾಲಿಸಿದರೆ, ಸೃಷ್ಟಿಯಾದ ಕೋಡ್ ಆರ್ಮ್ ನಿಯಮವನ್ನು ನಿರೀಕ್ಷಿಸುತ್ತದೆ. ಆದ್ದರಿಂದ ನೇರ ಕರೆ ಸಾಧ್ಯವಿಲ್ಲ. ಸಿಮ್ಯುಲೇಟರ್ ಆರ್ಗ್ಯುಮೆಂಟ್‌ಗಳನ್ನು ತನ್ನ ಕೃತಕ ರಿಜಿಸ್ಟರ್‌ಗಳಿಗೂ ಪ್ರತ್ಯೇಕ ಸ್ಟ್ಯಾಕ್‌ಗೂ ತುಂಬಿ, ಹಿಂದಿರುಗುವ ವಿಳಾಸದ ಜಾಗದಲ್ಲಿ ಒಂದು ವಿಶೇಷ ಮೌಲ್ಯವನ್ನು ಇಡುತ್ತದೆ. ಕೋಡ್ ಆ ವಿಳಾಸವನ್ನು ತಲುಪಿದಾಗ ಅನುಕರಣೆ ನಿಲ್ಲುತ್ತದೆ.

ವಿರುದ್ಧ ದಿಕ್ಕಿನ ಕರೆಯೂ ಇದೆ. ಸ್ಟ್ಯಾಕ್ ತುಂಬಿದಾಗ ಸೃಷ್ಟಿಯಾದ ಕೋಡ್ ಸಿ++ ಕಾರ್ಯವೊಂದರ ನೆರವನ್ನು ಕೋರುತ್ತದೆ. ಆಗ ಅದು ತಲುಪುವುದು ವಿಶೇಷ ಆದೇಶವೊಂದನ್ನು. ಸಿಮ್ಯುಲೇಟರ್ ಅದನ್ನು ಗುರುತಿಸಿ, ನಿಜವಾದ ಕಾರ್ಯವನ್ನು ಕರೆದು, ಉತ್ತರವನ್ನು ಕೃತಕ ರಿಜಿಸ್ಟರ್‌ಗೆ ಬರೆಯುತ್ತದೆ.

ಮಹತ್ವ

ಒಂದೇ ಒಂದು ಆರ್ಗ್ಯುಮೆಂಟ್‌ನ ಸ್ಥಾನ ತಪ್ಪಿದರೂ ಕೋಡ್ ಸಂಖ್ಯೆಯನ್ನು ವಿಳಾಸವೆಂದು ಭಾವಿಸಿ ಬೇರೆ ಸ್ಮೃತಿಯನ್ನು ಓದಬಹುದು ಅಥವಾ ಕೆಡಿಸಬಹುದು. ಜಾಲತಾಣಗಳಿಂದ ಬರುವ ಪಠ್ಯವೇ ಈ ಕೋಡ್‌ನ ಮೂಲಕ ಹಾಯುವುದರಿಂದ ಇದು ಸುರಕ್ಷತೆಯ ಪ್ರಶ್ನೆಯೂ ಹೌದು. ಇಂತಹ ದೋಷಗಳನ್ನು ಹಿಡಿಯಲು ವಿ8ನ 32-ಬಿಟ್ ಆರ್ಮ್ ಸಿಮ್ಯುಲೇಟರ್, ಕರೆಗೆ ಮೊದಲು ಆರ್4ರಿಂದ ಆರ್11ರವರೆಗಿನ ರಿಜಿಸ್ಟರ್‌ಗಳಲ್ಲಿ ತಿಳಿದ ಮೌಲ್ಯವನ್ನು ಇಟ್ಟು, ಕರೆಯ ನಂತರ ಅದು ಹಾಗೆಯೇ ಉಳಿದಿದೆಯೇ ಎಂದು ಪರಿಶೀಲಿಸುತ್ತದೆ. ನಿಜವಾದ ಪ್ರೊಸೆಸರ್ ಇಂತಹ ತಪಾಸಣೆಯನ್ನು ತಾನಾಗಿ ಮಾಡುವುದಿಲ್ಲ.