ತಿರುವಿನಲ್ಲಿ ಟಕ ಟಕ

ನಮ್ಮ ಮಹಿಳಾ ಸಂಘದಲ್ಲಿ ಒಂದು ಹಳೇ ಮಾರುತಿ 800 ಕಾರು ಇದೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ ತುಂಬಿಕೊಂಡು ವಾರಕ್ಕೆ ಮೂರು ಸಂತೆಗೆ ಹೋಗುತ್ತದೆ. ಗಾಡಿ ನಿಂತರೆ ನಮ್ಮ ದುಡಿಮೆಯೂ ನಿಂತ ಹಾಗೆ. ಒಂದು ದಿನ ಸಂತೆಯ ಹತ್ತಿರ ಸ್ಟೇರಿಂಗ್ ಪೂರ್ತಿ ತಿರುಗಿಸಿದೆವು. ಮುಂದಿನ ಚಕ್ರದಿಂದ ಟಕ ಟಕ, ಟಕ ಟಕ ಎಂದು ಸದ್ದು ಬಂತು. ನೇರ ಹೋದರೆ ಸದ್ದಿಲ್ಲ. ತಿರುಗಿಸಿದರೆ ಮಾತ್ರ ಸದ್ದು.

ರಿಪೇರಿ ಅಂಗಡಿಯಲ್ಲಿ ತೋರಿಸಿದೆವು. "ಎರಡೂ ಕಡೆ ಡ್ರೈವ್ ಶಾಫ್ಟ್ ಹೋಗಿದೆ, ಬದಲಾಯಿಸಬೇಕು" ಅಂದರು. ಹೇಳಿದ ದುಡ್ಡು ಕೇಳಿ ಎದೆ ಧಸಕ್ ಅಂತು. ಎರಡು ತಿಂಗಳ ಲಾಭ ಅದಕ್ಕೇ ಬೇಕಿತ್ತು. ನಮ್ಮ ಸದಸ್ಯೆಯೊಬ್ಬರ ತಮ್ಮನಿಗೆ ಟ್ರ್ಯಾಕ್ಟರ್ ರಿಪೇರಿ ಗೊತ್ತು. "ಅಕ್ಕಾ, ಮೊದಲು ನೋಡೋಣ, ಆಮೇಲೆ ದುಡ್ಡಿನ ಮಾತು" ಅಂದ.

ಡ್ರೈವ್ ಶಾಫ್ಟ್ ಅಂದರೆ ಏನು? ಎಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಬರುತ್ತದೆ. ಅಲ್ಲಿಂದ ಚಕ್ರಕ್ಕೆ ಬಲ ಒಯ್ಯುವ ಉಕ್ಕಿನ ಸರಳೇ ಡ್ರೈವ್ ಶಾಫ್ಟ್. ಮೆಕ್ಯಾನಿಕ್ಕರು ಇದನ್ನು ಆಕ್ಸಲ್ ಅಂತಲೂ ಕರೀತಾರೆ. ಮಾರುತಿ 800 ಗಾಡಿಯಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ. ಹಾಗಾಗಿ ಮುಂದೆ ಎಡಕ್ಕೊಂದು, ಬಲಕ್ಕೊಂದು ಸರಳು. ಈ ಕಾರು ಮೊದಲು ಬಂದದ್ದು 1983ರಲ್ಲಿ. 2014ರಲ್ಲಿ ತಯಾರಿಕೆ ನಿಂತಿತು. ಅಂದರೆ ಈಗ ಓಡುತ್ತಿರುವ ಗಾಡಿಗಳೆಲ್ಲ ಹಳೆಯವೇ. ಈ ಸದ್ದು ಅವುಗಳಲ್ಲಿ ಹೊಸದಲ್ಲ.

ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಬೇಕು. ಗುಂಡಿಯಲ್ಲಿ ಮೇಲೆ ಕೆಳಗೆ ಆಡಬೇಕು. ನೆಟ್ಟಗಿನ ಸರಳು ಹೇಗೆ ಬಗ್ಗೀತು? ಅದಕ್ಕೇ ಎರಡು ತುದಿಗೂ ಕೀಲು ಇಟ್ಟಿದ್ದಾರೆ. ನಮ್ಮ ತೋಳಿಗೆ ಭುಜದಲ್ಲೊಂದು, ಮಣಿಕಟ್ಟಿನಲ್ಲೊಂದು ಕೀಲು ಇಲ್ಲವೇ, ಹಾಗೆ. ಚಕ್ರದ ಕಡೆಯ ಕೀಲಿನೊಳಗೆ ಉಕ್ಕಿನ ಗುಂಡುಗಳಿವೆ, ಗ್ರೀಸಿದೆ. ಮೇಲೆ ಲಂಗದ ನೆರಿಗೆಯಂಥ ರಬ್ಬರು ಮುಸುಕು. ಅದಕ್ಕೆ ಬೂಟು ಅನ್ನುತ್ತಾರೆ.

ಆ ಬೂಟು ಹರಿದರೆ ಗ್ರೀಸು ಹೊರಗೆ ಚಿಮ್ಮುತ್ತದೆ. ಮಣ್ಣು, ಮರಳು, ನೀರು ಒಳಗೆ ಹೋಗುತ್ತವೆ. ರಾಗಿಯ ಜೊತೆ ಕಲ್ಲು ಸೇರಿದರೆ ಬೀಸೋಕಲ್ಲು ಏನಾದೀತು? ಕೀಲಿಗೂ ಅದೇ ಗತಿ. ಗುಂಡು ಓಡಾಡುವ ಜಾಡು ಸವೆಯುತ್ತದೆ. ಆಗ ಟಕ ಟಕ ಶುರು. ಬೂಟು ಹರಿದ ಕೂಡಲೇ ನೋಡಿಕೊಂಡರೆ ಹೊಸ ಬೂಟು, ಹೊಸ ಗ್ರೀಸು ಸಾಕು. ಸದ್ದು ಬಂದ ಮೇಲೆ ಗ್ರೀಸು ತುಂಬಿ ಫಲವಿಲ್ಲ.

ನಾವು ಬಗ್ಗಿ ನೋಡಿದೆವು. ಎಡಗಡೆಯ ಬೂಟು ಹರಿದಿತ್ತು. ಚಕ್ರದ ಒಳಮೈಯೆಲ್ಲ ಕಪ್ಪು ಗ್ರೀಸು. ಬಲಗಡೆಯದು ಗಟ್ಟಿಯಾಗಿತ್ತು, ಸದ್ದೂ ಇರಲಿಲ್ಲ. ಒಬ್ಬರು ನಿಧಾನ ಓಡಿಸಿ, ಇನ್ನೊಬ್ಬರು ಹೊರಗೆ ನಿಂತು ಕಿವಿಗೊಟ್ಟು ಇದನ್ನು ಖಾತ್ರಿ ಮಾಡಿಕೊಂಡೆವು. ಬೇಕಾದದ್ದು ಒಂದೇ ಶಾಫ್ಟು! ಅರ್ಧ ದುಡ್ಡು ಅಲ್ಲೇ ಉಳಿಯಿತು.

ಸುಮ್ಮನೆ ಓಡಿಸಿದ್ದರೆ? ಕೀಲು ಒಂದು ದಿನ ಮುರಿಯುತ್ತಿತ್ತು. ಒಂದು ಶಾಫ್ಟು ಮುರಿದರೂ ಗಾಡಿ ಮುಂದೆ ಹೋಗದು. ಬಲವೆಲ್ಲ ಮುರಿದ ಕಡೆಗೇ ಸುತ್ತಿ ವ್ಯರ್ಥವಾಗುತ್ತದೆ. ಇನ್ನೊಂದು ಮಾತು, ಇದನ್ನು ಎರಡು ಸಲ ಓದಿ. ಶಾಫ್ಟು ಮುರಿದಾಗ ಅಥವಾ ಬಿಚ್ಚಿದಾಗ ಗೇರಿನಲ್ಲಿ ನಿಲ್ಲಿಸಿದರೂ ಗಾಡಿ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಮುಂದೂ ಹಿಂದೂ ಕಲ್ಲು ಕೊಡಲೇಬೇಕು.

ಹೊಸ ಶಾಫ್ಟು ತರಲು ಹಳೇ ಗಾಡಿಯ ಮಾಡೆಲ್ ವರ್ಷ ಚೀಟಿಯಲ್ಲಿ ಬರೆದುಕೊಂಡು ಹೋದೆವು. ಎಡದ್ದೂ ಬಲದ್ದೂ ಒಂದೇ ಅಲ್ಲ. ಗೇರ್‌ಬಾಕ್ಸು ಒಂದು ಪಕ್ಕಕ್ಕಿರುವುದರಿಂದ ಒಂದು ಗಿಡ್ಡ, ಒಂದು ಉದ್ದ. ಡಬ್ಬದ ಮೇಲಿನ ಅಕ್ಷರ ಓದಿದೆವು. ಎಲ್ ಅಂದರೆ ಎಡ, ಆರ್ ಅಂದರೆ ಬಲ. ಬಿಲ್ಲಿನಲ್ಲೂ ಹಾಗೇ ಬರೆಸಿಕೊಂಡೆವು.

ಇನ್ನು ಬಿಚ್ಚುವ ಕೆಲಸ. ಇಲ್ಲೇ ನಾವು ಎಡವಿದ್ದು. ಜಾಕಿ ಹಾಕಿ, ಚಕ್ರ ಎತ್ತಿ, ನಡುವಿನ ದೊಡ್ಡ ನಟ್ಟು ಬಿಚ್ಚಲು ಹೋದೆವು. ನಟ್ಟು ಬಿಚ್ಚಲಿಲ್ಲ, ಚಕ್ರವೇ ತಿರುಗಿತು, ಜಾಕಿ ಅಲುಗಾಡಿತು! ಎಲ್ಲರೂ ಹಿಂದೆ ಸರಿದೆವು. ಆ ನಟ್ಟನ್ನು ಚಕ್ರ ನೆಲದ ಮೇಲಿದ್ದಾಗಲೇ ಸಡಿಲ ಮಾಡಬೇಕು. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಬೇಕು. ನಟ್ಟಿಗೆ ಸ್ಪ್ಲಿಟ್ ಪಿನ್ನು ಇದ್ದರೆ ಮೊದಲು ತೆಗೆಯಬೇಕು. ಕೆಲವು ಗಾಡಿಯಲ್ಲಿ ನಟ್ಟಿನ ಅಂಚನ್ನು ಒಳಕ್ಕೆ ತಟ್ಟಿರುತ್ತಾರೆ, ಅದನ್ನು ಎಬ್ಬಿಸಬೇಕು. ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಇಬ್ಬರು ಒತ್ತಿದಾಗ ಕಿರ್ ಅಂತ ಬಿಟ್ಟಿತು.

ಆಮೇಲೆ ಜಾಕಿ ಹಾಕಿ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟೆವು. ಬರೀ ಜಾಕಿ ನಂಬಿ ಕಾರಿನ ಕೆಳಗೆ ಕೈ, ತಲೆ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕೂ ಬೇಡ. ಭಾರಕ್ಕೆ ಒಡೆದುಹೋಗುತ್ತವೆ. ಸ್ಟ್ಯಾಂಡ್ ಇಲ್ಲವಾದರೆ ಆ ದಿನ ಕೆಲಸವೇ ಬೇಡ.

ಚಕ್ರ ತೆಗೆದೆವು. ಗೇರ್‌ಬಾಕ್ಸಿನ ಎಣ್ಣೆಯನ್ನು ಬೇಸಿನ್ನಿಗೆ ಇಳಿಸಿದೆವು. ಇಲ್ಲಾಂದ್ರೆ ಶಾಫ್ಟು ಎಳೆದಾಗ ಅಂಗಳವೆಲ್ಲ ಎಣ್ಣೆ. (ಹಳೇ ಎಣ್ಣೆ ಚರಂಡಿಗೆ ಸುರಿಯಬೇಡಿ, ಗ್ಯಾರೇಜಿಗೆ ಕೊಡಿ.) ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಹಿಡಿದಿರುವ ಬಾಲ್ ಜಾಯಿಂಟಿನ ಬೋಲ್ಟು ಬಿಚ್ಚಿದೆವು. ಆ ಭಾಗವನ್ನು ಹೊರಗೆ ಎಳೆದಾಗ ಶಾಫ್ಟಿನ ಹೊರತುದಿ ಬಿಟ್ಟಿತು. ಹೀಗೆ ಎಳೆವಾಗ ಬ್ರೇಕಿನ ರಬ್ಬರು ಪೈಪು ಜಗ್ಗಬಾರದು. ಒಳತುದಿಯನ್ನು ಕೈಯಿಂದ ಎಳೆಯಲಿಲ್ಲ. ಎಳೆದರೆ ಕೀಲೇ ಬಿಚ್ಚಿಹೋದೀತು. ಗೇರ್‌ಬಾಕ್ಸಿಗೂ ಕೀಲಿಗೂ ನಡುವೆ ರಾಡು ಕೊಟ್ಟು ಮೀಟಿದೆವು.

ಹಳೇದು, ಹೊಸದು ಎರಡನ್ನೂ ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟೆವು. ಉದ್ದ ಅಳೆದೆವು. ತುದಿಯ ಹಲ್ಲುಗಳನ್ನು ಸೀಮೆಸುಣ್ಣದಿಂದ ಗುರುತು ಹಾಕಿ ಎಣಿಸಿದೆವು. ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂತು, ನಗು ಬಂತು. ಮೂರನೇ ಸಲ ಎಲ್ಲರದೂ ಒಂದೇ ಆಯಿತು. ಎರಡರದೂ ಸಮ. ಒಂದು ಹಲ್ಲು ಹೆಚ್ಚುಕಮ್ಮಿ ಇದ್ದರೂ ಕೂರುವುದಿಲ್ಲ. ಅಂಗಡಿಗೆ ವಾಪಸ್ ಕೊಡಲು ಅದೇ ಸಮಯ.

ಗೇರ್‌ಬಾಕ್ಸಿನ ಬಾಯಿಗೆ ಹೊಸ ಆಯಿಲ್ ಸೀಲು ಹಾಕಿ, ಎಣ್ಣೆ ಸವರಿ ಶಾಫ್ಟು ತಳ್ಳಿದೆವು. ಒಳಗಿನ ಉಂಗುರ ಟಕ್ ಅಂತ ಕೂರಬೇಕು. ಕೀಲಿನ ಬಟ್ಟಲು ಹಿಡಿದು ಮೆಲ್ಲಗೆ ಎಳೆದು ನೋಡಿದೆವು, ಬರಲಿಲ್ಲ. ಉಳಿದದ್ದನ್ನೆಲ್ಲ ಬಿಚ್ಚಿದ ಹಾಗೇ ಹಿಂದಿನಿಂದ ಮುಂದಕ್ಕೆ ಜೋಡಿಸಿದೆವು. ದೊಡ್ಡ ನಟ್ಟಿಗೆ ಎಷ್ಟು ಬಿಗಿ ಬೇಕೆಂದು ಗಾಡಿಯ ಪುಸ್ತಕದಲ್ಲಿ ಸಂಖ್ಯೆ ಇರುತ್ತದೆ. ಅಂದಾಜು ಬೇಡ. ಬಿಗಿ ಅಳೆಯುವ ಪಾನಾ ಗ್ಯಾರೇಜಿನಿಂದ ಬಾಡಿಗೆಗೆ ತಂದು, ಚಕ್ರ ನೆಲಕ್ಕಿಳಿಸಿ ಬಿಗಿದೆವು. ಪಿನ್ನು ಹೊಸದು ಹಾಕಿದೆವು. ಗೇರ್‌ಬಾಕ್ಸಿಗೆ ಹೊಸ ಎಣ್ಣೆಯನ್ನು ತೂತಿನ ಅಂಚಿಗೆ ಬರುವ ತನಕ ಹೊಯ್ದೆವು.

ಸಂಜೆ ಶಾಲೆಯ ಬಯಲಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕಿದೆವು. ಸದ್ದಿಲ್ಲ. ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ ಗಾಡಿ ನಿಲ್ಲಿಸಿದೆವು. ಮಾರನೆಯ ಬೆಳಿಗ್ಗೆ ಎದ್ದವರೇ ಮೊದಲು ಗಾಡಿಯ ಕೆಳಗಿನ ನೆಲ ನೋಡಿದೆವು. ಒಂದು ತೊಟ್ಟು ಎಣ್ಣೆಯೂ ಇರಲಿಲ್ಲ. ಹಪ್ಪಳದ ಡಬ್ಬ ತುಂಬಿದೆವು.